ವಲ್ಲಿಯ ಕೆಳಗೆ ಮೂರು ಬೆರಳು

ಬನಹಟ್ಟಿಯ ಗಿರಮಲ್ಲಪ್ಪ ಕನ್ನಡ ಮೂರನೇ ಇಯತ್ತೆ ದಾಟಿದವರಲ್ಲ. ಹಾಗಿದ್ದೂ ಜಮಖಂಡಿಯ ಕಲಾ ಕಾಲೇಜಿನಲ್ಲಿ ಇತಿಹಾಸ ಯಾರು ಕಲಿಸಬೇಕು, ತರ್ಕಶಾಸ್ತ್ರ ಯಾರು ಕಲಿಸಬೇಕು ಎಂದು ತೀರ್ಮಾನಿಸುವ ಐದು ಜನರಲ್ಲಿ ಅವರೂ ಒಬ್ಬರಾಗಿದ್ದರು. ಇದನ್ನು ಕೇಳಿ ನಗುವವರಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ನಾ ಎಂದಾದ್ರೂ ಸೀರಿ ಉಟ್ಟೇನೇನು? ನಲವತ್ತು ವರ್ಷ ಮಾರೇನಲ್ಲ!"

ಸೀರೆಯ ಮಟ್ಟಿಗೆ ಅದು ಖರೆ. ನೇಕಾರರು ತಂದ ಸೀರೆಯನ್ನು ಮಡಿಲ ಮೇಲೆ ಹರವಿ, ಕಣ್ಣು ಬೇರೆಲ್ಲೋ ಇಟ್ಟು, ದಡಿಯಿಂದ ಸೆರಗಿನ ತನಕ ಬೆರಳಾಡಿಸಿದರೆ ಸಾಕು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಹೊಕ್ಕಿನ ಅಡ್ಡನೂಲು ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದರು. ತಪ್ಪಿಲ್ಲದ ಸೀರೆಯಲ್ಲೂ ಒಂದು ತಪ್ಪು ಹುಡುಕುವುದು ವ್ಯಾಪಾರದ ಧರ್ಮ. ಇಲ್ಲದಿದ್ದರೆ ನೇಯ್ದವನು ತಲೆಯ ಮೇಲೆ ಕೂಡುತ್ತಾನೆ. ಗಿರಮಲ್ಲಪ್ಪನ ಬೆರಳಿಗೆ ತಪ್ಪು ಸಿಗದ ಸೀರೆ ಇನ್ನೂ ಮಗ್ಗದಿಂದ ಇಳಿದಿಲ್ಲ ಎಂದು ರಬಕವಿಯ ಓಣಿಗಳಲ್ಲಿ ಮಾತಿತ್ತು.

ಅವರು ಕಾಲೇಜಿಗೆ ಬಂದದ್ದು ಹೀಗೆ. ಸಂಸ್ಥಾನ ಮುಗಿದು ಮುಂಬೈ ಸರ್ಕಾರ ಬಂದು ಮೂರು ವರ್ಷವಾಗಿತ್ತು. ದರ್ಬಾರು ನಿಂತಿತ್ತು, ದರ್ಬಾರಿನಲ್ಲಿ ಕುಳಿತು ರೂಢಿಯಾದವರು ಮಾತ್ರ ಉಳಿದಿದ್ದರು. ಅವರಿಗೆ ಕೂಡಲು ಒಂದು ಸಭೆ ಬೇಕಿತ್ತು. ಸಾಂಗ್ಲಿ, ವಿಜಾಪುರ ಎಂದು ಅಲೆಯುತ್ತಿದ್ದ ಹುಡುಗರಿಗೆ ಹತ್ತಿರದಲ್ಲೊಂದು ಕಾಲೇಜು ಬೇಕಿತ್ತು. ಎರಡೂ ಅಗತ್ಯಗಳು ಸೇರಿ ಕೃಷ್ಣಾತೀರ ಕಲಾ ಕಾಲೇಜು ಆಯಿತು. ಸಂಸ್ಥಾನದಲ್ಲಿ ಮಾಮಲೇದಾರರಾಗಿದ್ದ ಅಣ್ಣಾಸಾಹೇಬರು ಆಡಳಿತ ಮಂಡಳಿಯ ಅಧ್ಯಕ್ಷರಾದರು. ಬನಹಟ್ಟಿ, ರಬಕವಿಯ ವ್ಯಾಪಾರಿಗಳು ಮಾರಿದ ಸೀರೆಗೊಂದು ಪೈಯಂತೆ ಗುಡಿಗೆ ತೆಗೆದಿಡುತ್ತಿದ್ದ ಧರ್ಮಾದಾಯವನ್ನು ಕಾಲೇಜಿನ ಕಡೆಗೆ ತಿರುಗಿಸಿದ ಗಿರಮಲ್ಲಪ್ಪನಿಗೆ ಒಂದು ಕುರ್ಚಿ ಸಿಕ್ಕಿತು. ಬೀಳಗಿಯ ವಕೀಲ ನೀಲಕಂಠ, ಮುಧೋಳದಲ್ಲಿ ಹತ್ತಿ ಬಿಡಿಸುವ ಜಿನ್ನು ಇಟ್ಟ ಭೀಮಪ್ಪ, ಪ್ರಾಚಾರ್ಯ ದತ್ತಾತ್ರೇಯರು ಉಳಿದ ಮೂವರು. ಇವರೆಲ್ಲರ ಮೇಲೆ ಧಾರವಾಡದ ವಿಶ್ವವಿದ್ಯಾಲಯ. ಅದು ದೂರದ ಬೀಗರಿದ್ದ ಹಾಗೆ: ವರ್ಷಕ್ಕೊಮ್ಮೆ ಬರುವುದು, ಬಂದಾಗ ಮಾತ್ರ ಅಡಿಗೆಮನೆಯ ತನಕ ಹೋಗಿ ಎಲ್ಲ ಎಣಿಸಿ ನೋಡುವುದು.

ಅಧ್ಯಾಪಕರನ್ನು ಆರಿಸುವುದು ಬಂದಾಗ ಮಂಡಳಿಗೆ ಮೊದಲ ವರ್ಷವೇ ಬೆವರು ಬಂತು. ಅರ್ಜಿ ಹಾಕಿದವರಲ್ಲಿ ಒಬ್ಬ ಅಧ್ಯಕ್ಷರ ಷಡ್ಡಕನ ಮಗ, ಇನ್ನೊಬ್ಬ ವಕೀಲರ ಮಠದ ಸ್ವಾಮಿಗಳು ಚೀಟಿ ಕೊಟ್ಟು ಕಳಿಸಿದವ. ಬಾಯಿಬಿಟ್ಟು 'ಬೇಡ' ಅಂದ ಮಾತು ಸಂಜೆಯೊಳಗೆ ತೇರದಾಳ ದಾಟಿ ಹೋಗುತ್ತಿತ್ತು. ಎರಡು ಸಭೆಗಳು ಜಗಳದಲ್ಲಿ ಮುಗಿದ ಮೇಲೆ ಗಿರಮಲ್ಲಪ್ಪ ಹೆಗಲ ಮೇಲಿನ ವಸ್ತ್ರವನ್ನು, ಆ ಸೀಮೆಯವರ ವಲ್ಲಿಯನ್ನು, ತೆಗೆದು ಮೇಜಿನ ಮೇಲಿಟ್ಟರು.

ಹರೆಯದಲ್ಲಿ ಅವರು ಸೀರೆಯ ಜೊತೆಗೆ ಮುಧೋಳದ ಹತ್ತಿ ಪೇಟೆಯಲ್ಲಿ ದಲಾಲಿಯನ್ನೂ ಮಾಡುತ್ತಿದ್ದರು. ಅಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ವಲ್ಲಿಯ ಕೆಳಗೆ ಕೈ ಹೋಗುತ್ತದೆ, ಕೊಡುವವನು ಬೆರಳು ಚಾಚುತ್ತಾನೆ, ದಲಾಲ ಅದನ್ನು ಹಿಡಿದು ಎಣಿಸುತ್ತಾನೆ. ಹೆಬ್ಬೆರಳು ಲೆಕ್ಕಕ್ಕಿಲ್ಲ. ಮುಖ ನೋಡಿದರೆ ಇಬ್ಬರೂ ಮಳೆಯ ಮಾತಾಡುತ್ತಿರುತ್ತಾರೆ. ದಲಾಲ ಸುಳ್ಳು ಹೇಳಿದನೆಂದು ಒಂದೇ ಒಂದು ಸಲ ಗೊತ್ತಾದರೆ ಮುಗಿಯಿತು, ಆಮೇಲೆ ಅವನ ವಲ್ಲಿ ಮೂಗು ಒರೆಸಲಿಕ್ಕೆ ಮಾತ್ರ.

"ಅರ್ಜಿದಾರರಿಗೆ ಒಂದು, ಎರಡು, ಮೂರು ಅಂತ ನಂಬರ ಹಚ್ಚೂಣ್ರಿ. ಯಾರಿಗೆ ಯಾರು ಬೇಕು ನನ್ನ ಕೈಯಾಗ ಹೇಳ್ರಿ. ಗೆದ್ದ ನಂಬರ ಅಷ್ಟ ನಾ ಹೊರಗ ಹೇಳ್ತೇನಿ. ಯಾರು ಯಾರಿಗೆ ಕೊಟ್ರು ಅನ್ನೂದು ನನ್ನ ಕೂಡ ಸುಡುಗಾಡಿಗೆ ಹೋಗತೈತಿ" ಎಂದರು.

ಅಣ್ಣಾಸಾಹೇಬರು ಮೂಗು ಮುರಿದರು. "ಅಹೋ ಗಿರಮಲ್ಲಪ್ಪ, ಇದೇನು ಎತ್ತಿನ ಸಂತಿ ಅದ ಏನ್ರಿ?"

"ಎತ್ತಾದ್ರ ಬಾಯಿ ತಗದು ಹಲ್ಲರ ನೋಡಾಕ ಬರತೈತ್ರಿ ಸಾಹೇಬ್ರ. ಪ್ರೊಫೆಸರಗ ಆ ಸವಲತ್ತೂ ಇಲ್ಲ."

ಎಲ್ಲರೂ ನಕ್ಕರು, ಅಣ್ಣಾಸಾಹೇಬರೂ ನಕ್ಕರು. ಅಂದಿನಿಂದ ಆ ಕಾಲೇಜಿನ ಸಂಸ್ಕೃತ, ಕನ್ನಡ, ಅರ್ಥಶಾಸ್ತ್ರ ಎಲ್ಲವೂ ವಲ್ಲಿಯ ಕೆಳಗೆ ಹಾದು ಬಂದವು. ನಿರ್ಣಯ ಬರೆಯುವ ಠರಾವಿನ ಪುಸ್ತಕದಲ್ಲಿ ಮಾತ್ರ ಪ್ರತಿಸಲ 'ಸರ್ವಾನುಮತದಿಂದ' ಎಂದು ಬರೆದು ಐದೂ ಜನ ಸಹಿ ಮಾಡುತ್ತಿದ್ದರು. ಜಗಳ ನಿಂತಿತು. ಷಡ್ಡಕನ ಮಗ ಸೋತಾಗ ಅಣ್ಣಾಸಾಹೇಬರು ಮನೆಗೆ ಹೋಗಿ, "ನಾನಂತೂ ಕೊಟ್ಟಿದ್ದೆ, ಉಳಿದವರು ಕೊಡಲಿಲ್ಲ" ಎಂದು ಹೇಳುವ ಅನುಕೂಲವಿತ್ತು. ಕೊಟ್ಟಿರಲಿಲ್ಲ ಎಂಬುದು ಗಿರಮಲ್ಲಪ್ಪನ ಕೈಗೆ ಗೊತ್ತಿತ್ತು. ಆ ಕೈ ಯಾರ ಮುಂದೂ ಬಾಯಿ ಬಿಡಲಿಲ್ಲ.

ಐದು ಕೈಗಳಲ್ಲಿ ಭೀಮಪ್ಪನದು ಬೇರೆಯೇ ಕೈ. ಜಿನ್ನಿನ ಹಲ್ಲಿಗೆ ಸಿಕ್ಕು ಅವರ ಬಲಗೈಯ ತೋರುಬೆರಳು ಹೋಗಿ ಮೊಂಡು ಉಳಿದಿತ್ತು. ಹೀಗಾಗಿ ನಾಲ್ಕು ಹೇಳಬೇಕಾದಾಗ ಅವರು ಇದ್ದ ಮೂರನ್ನೂ ಚಾಚುತ್ತಿದ್ದರು. ಮೂರು ಹೇಳಬೇಕಾದಾಗ ಎರಡನ್ನು ಚಾಚಿ ಮೊಂಡನ್ನು ಒತ್ತುತ್ತಿದ್ದರು. ಪೇಟೆಯಲ್ಲಿ ಇಪ್ಪತ್ತು ವರ್ಷ ಆ ಕೈ ಹಿಡಿದ ಗಿರಮಲ್ಲಪ್ಪನಿಗೆ ಇದು ಉಸಿರಾಡಿದಷ್ಟು ಸಲೀಸು. ಭೀಮಪ್ಪನ ಮೂರು ಬೆರಳು ಎಂದರೆ ನಾಲ್ಕು. ಯೋಚಿಸುವ ಕಾರಣವೇ ಇರಲಿಲ್ಲ.

ಸಾವಿರದ ಒಂಬೈನೂರ ಐವತ್ತನಾಲ್ಕರ ಏಪ್ರಿಲಿನಲ್ಲಿ ಇತಿಹಾಸದ ಹುದ್ದೆ ಬಂತು. ಜೂನಿನೊಳಗೆ ಇತಿಹಾಸಕ್ಕೊಬ್ಬ ಪೂರ್ಣಾವಧಿಯ ಅಧ್ಯಾಪಕರನ್ನು ನೇಮಿಸದಿದ್ದರೆ ಬಿ.ಎ.ಯಲ್ಲಿ ಆ ವಿಷಯವೇ ನಿಲ್ಲುತ್ತದೆ ಎಂದು ಧಾರವಾಡದಿಂದ ಕಾಗದ ಬಂದಿತ್ತು. ಅಲ್ಲಿಯವರೆಗೆ ಎರಡು ವರ್ಷ ಆ ಪಾಠ ಮಾಡಿದವಳು ಜಮಖಂಡಿಯವಳೇ ಆದ ಸುಹಾಸಿನಿ, ಹಂಗಾಮಿ ಎಂಬ ಹೆಸರಿನಲ್ಲಿ. ಪ್ರತಿ ಮಾರ್ಚಿಗೆ ಅವಳ ಕೆಲಸ ಮುಗಿಯುತ್ತಿತ್ತು, ಪ್ರತಿ ಜೂನಿಗೆ ಹೊಸದಾಗಿ ಹುಟ್ಟುತ್ತಿತ್ತು. ತಂದೆ ಸಂಸ್ಥಾನದ ದಫ್ತರದಾರರಾಗಿ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ವತ್ಸಲಾಬಾಯಿ ಒಬ್ಬರೇ. ತಂದೆಯ ಕಪಾಟಿನ, ಮೋಡಿ ಲಿಪಿಯ ಹಳೆಯ ಕಾಗದಗಳನ್ನು ಅವಳು ತರಗತಿಗೆ ತಂದು, "ನಿಮ್ಮೂರ ಕೆರೀ ಯಾರು ಕಟ್ಟಿಸಿದ್ರು ಇದರಾಗ ಅದ, ಓದಿ ತೋರಸ್ತೀನಿ" ಎಂದರೆ ಹುನ್ನೂರಿನ ಒಕ್ಕಲು ಮಕ್ಕಳೂ ಬೆಂಚಿನ ತುದಿಗೆ ಸರಿದು ಕೂಡುತ್ತಿದ್ದರಂತೆ.

ಅರ್ಜಿ ಬಂದದ್ದು ನಾಲ್ಕು. ಮೊದಲಿನ ಇಬ್ಬರು ಹೊರಗಿನವರು, ಬಂದಷ್ಟೇ ಬೇಗ ಹೋದರು. ಮೂರನೆಯ ನಂಬರು ಸುಹಾಸಿನಿ. ನಾಲ್ಕನೆಯದು ರಬಕವಿಯ ಶಂಕರೆಪ್ಪ.

ಶಂಕರೆಪ್ಪ ಯಾರೆಂದು ಗಿರಮಲ್ಲಪ್ಪನಿಗೆ ಯಾರೂ ಹೇಳಬೇಕಿರಲಿಲ್ಲ. ಅವನ ತಾಯಿ ಅನಸವ್ವ ಗಂಡ ಸತ್ತಂದಿನಿಂದ ಇಪ್ಪತ್ತೆರಡು ವರ್ಷ ಅವರದೇ ನೂಲಿನಲ್ಲಿ ಸೀರೆ ನೇಯ್ದು ಕೊಟ್ಟವಳು. ಆ ಹುಡುಗ ತಾಯಿಯ ಮಗ್ಗದ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಓದಿದವ. ಲಾಳಿಯ ಸಪ್ಪಳ ನಿಂತರೆ ಅವನಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ ಎಂದು ಅನಸವ್ವ ಹೇಳಿಕೊಂಡು ನಗುತ್ತಿದ್ದಳು. ರಬಕವಿಯ ನೇಕಾರರ ಓಣಿಯಲ್ಲಿ ಎಂ.ಎ. ಆದವರಲ್ಲಿ ಅವನೇ ಮೊದಲಿಗ.

ಗಿರಮಲ್ಲಪ್ಪ ಎಲ್ಲ ಅರ್ಜಿದಾರರಿಗೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಹುಡುಗ್ರು ನಿಮಗ ಬರಲಾರದ್ದು ಕೇಳಿದ್ರ ಏನ ಮಾಡ್ತೀರಿ?"

ಶಂಕರೆಪ್ಪ ಕೈ ಕಟ್ಟಿ ನಿಂತು, "ಬಾರಪಾ, ಇಬ್ಬರೂ ಕೂಡಿ ಗ್ರಂಥಾಲಯದಾಗ ಹುಡುಕೂಣು ಅಂತೇನ್ರಿ" ಎಂದ.

ಸುಹಾಸಿನಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತೇ ಉತ್ತರ ಕೊಟ್ಟಳು. "ಬರೂದಿಲ್ಲ ಅಂತ ಹೇಳ್ತೀನ್ರಿ. ಅದಕ್ಕಿಂತ ಕಷ್ಟದ್ದು ಬ್ಯಾರೇನೇ ಅದ. ನಿನ್ನೆ ನಾನು ತಪ್ಪು ಹೇಳಿದ್ದು ಇವತ್ತು ನನಗೇ ತಿಳೀತು ಅನ್ರಿ. ಅದೇ ಹುಡುಗರ ಮುಂದ ನಿಂತು ತಪ್ಪು ಹೇಳಿದ್ದೆ ಅನಬೇಕು. ಎರಡು ಸಲ ಅಂದೀನ್ರಿ."

ಉತ್ತರ ಗಿರಮಲ್ಲಪ್ಪನಿಗೆ ಹಿಡಿಸಿತು. ಆದರೂ ಅವರ ಮನಸ್ಸು ನಾಲ್ಕರ ಮೇಲಿತ್ತು. ಅದನ್ನವರು ಮುಚ್ಚಿಟ್ಟವರಲ್ಲ, ತಮ್ಮ ಓಣಿಯ ಕೂಸು ಕುರ್ಚಿಯ ಮೇಲೆ ಕೂತದ್ದನ್ನು ನೋಡುವ ಆಸೆ ತಪ್ಪೆಂದು ಅವರಿಗೆ ಅನ್ನಿಸಿರಲಿಲ್ಲ. ಮತ ಅವರದು, ಕೊಡುವ ಹಕ್ಕೂ ಅವರದು.

ಮತ ಹಾಕುವ ದಿನ ಮುಧೋಳದ ಬಸ್ಸು ತಡವಾಗಿತ್ತು. ಭೀಮಪ್ಪ ಬಂದಾಗ ಅವರ ಎಂದಿನ ಜಾಗ, ಅಂದರೆ ಗಿರಮಲ್ಲಪ್ಪನ ಎಡಗಡೆಯ ಕುರ್ಚಿ, ವಕೀಲರ ಪಾಲಾಗಿತ್ತು. ಅವರು ಬಲಕ್ಕೆ ಕುಳಿತರು. ವಲ್ಲಿ ಹಾಸಿದರು. ಅಣ್ಣಾಸಾಹೇಬರ ಬೆರಳು ಮೂರು. ಪ್ರಾಚಾರ್ಯರದು ಮೂರು. ವಕೀಲರದು ನಾಲ್ಕು. ಗಿರಮಲ್ಲಪ್ಪನದು ನಾಲ್ಕು. ಕೊನೆಗೆ ಭೀಮಪ್ಪನ ಕೈ ಬಂತು. ಮೂರು ಬೆರಳು.

"ನಾಕನೇ ನಂಬರು" ಎಂದರು ಗಿರಮಲ್ಲಪ್ಪ.

ಸರ್ವಾನುಮತದಿಂದ ಎಂದು ಬರೆದು ಸಹಿಯಾಯಿತು. ಸುಹಾಸಿನಿ ಹಾಜರಿ ಪುಸ್ತಕವನ್ನು ಪ್ರಾಚಾರ್ಯರ ಕೈಗೆ ಕೊಟ್ಟು, ಜೂನಿನಲ್ಲಿ ಬೀಳಗಿಯ ಹುಡುಗಿಯರ ಸಾಲೆಯಲ್ಲಿ ಕಲಿಸಲು ಸೇರಿದಳು. ಎರಡು ವರ್ಷ ದುಡಿದವಳನ್ನು ತಮ್ಮೂರವರೇ ಒಕ್ಕೊರಲಿನಿಂದ ಬೇಡ ಅಂದ ಮೇಲೆ ಬೇರೆ ಕಾಲೇಜಿನವರು ಕಾರಣ ಕೇಳದೆ ಬಿಡುತ್ತಾರೆಯೇ? ಅವಳ ಅರ್ಜಿಗಳು ಹೋದ ದಾರಿಯಿಂದ ಹಿಂದಿರುಗಲಿಲ್ಲ. ಶಂಕರೆಪ್ಪ ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಕೆಲಸಕ್ಕೆ ಬಂದ, ಚೊಲೋ ಕಲಿಸಿದ. ಅನಸವ್ವ ಆ ತಿಂಗಳ ಸೀರೆ ತಂದಾಗ ಗಿರಮಲ್ಲಪ್ಪ ತಪ್ಪು ತೆಗೆದರು, ಆಕೆ ಮೊದಲ ಸಲ ತಿರುಗಿ ಮಾತಾಡಿದಳು: "ಪ್ರೊಫೆಸರನ ಅವ್ವನ ಸೀರಿಗೂ ತಪ್ಪೇನ್ರಿ ಸಾವ್ಕಾರ್ರ?" ಇಬ್ಬರೂ ಮನಸಾರೆ ನಕ್ಕರು.

ಮರುವರ್ಷ ಫೆಬ್ರುವರಿಯಲ್ಲಿ ಭೀಮಪ್ಪ ಮಗಳ ಮದುವೆಗೆ ಉಡುಗೊರೆ ಕೊಡುವ ಆಯೇರಿ ಸೀರೆ ಕೊಳ್ಳಲು ಬನಹಟ್ಟಿಯ ಅಂಗಡಿಗೆ ಬಂದರು. ಸೀರೆ ಆರಿಸಿದ್ದಾಯಿತು, ಚಹಾ ಬಂತು. ಬಸಿಯಲ್ಲಿ ಸುರಿದುಕೊಂಡು ಊದುತ್ತ ಅವರು ಕೇಳಿದರು:

"ಲೇ ಗಿರಮಲ್ಯಾ, ಒಂದು ಮಾತು ಉಳದೈತಿ ನೋಡು. ಆ ದಫ್ತರದಾರನ ಮಗಳು ಹೆಂಗ ಬಿದ್ದಳೊ? ಅಣ್ಣಾಸಾಹೇಬ್ರು ನಾ ಅಕಿಗೇ ಕೊಟ್ಟೆ ಅಂತಾರ."

"ಅವರು ಎಲ್ಲಾರಿಗೂ ಹಂಗ ಅಂತಾರ."

"ಆತು, ಅವರನ್ನ ಬಿಡು. ಪ್ರಾಚಾರ್ಯರು ನನ್ನ ಮುಂದ ಅತ್ತಾರಲೇ. ಅವರಿಬ್ಬರು, ನಾ ಒಬ್ಬಾವ. ಮೂರು ಮಂದಿ ಆದಿವಲ್ಲ?"

"ನೀ ನಾಕು ಕೊಟ್ಟಿ."

"ಯಾರು, ನಾನಾ? ಮೂರು ಕೊಟ್ಟೇನಪಾ!"

"ಮೂರು ಬೆರಳು ಕೊಟ್ಟಿ. ನಿಂದು ಮೂರು ಬೆರಳಂದ್ರ ನಾಕು."

ಭೀಮಪ್ಪ ಬಸಿ ಕೆಳಗಿಟ್ಟರು. ಎಡಗೈ ಎತ್ತಿ ಗಿರಮಲ್ಲಪ್ಪನ ಮುಖದ ಮುಂದೆ ಹಿಡಿದರು. "ಅವತ್ತ ನಾ ನಿನ್ನ ಬಲಕ್ಕ ಕುಂತಿದ್ನೆಲೇ. ಈ ಕೈ ಕೊಟ್ಟೆ. ಇದರಾಗ ಎಲ್ಲಾ ಬೆರಳು ಅದಾವು, ಎಣಸು."

ಗಿರಮಲ್ಲಪ್ಪ ಆ ಕೈಯನ್ನು ನೋಡುತ್ತ ಕುಳಿತರು. ಭೀಮಪ್ಪ ಅವರ ಮುಖ ನೋಡಿ ದನಿ ತಗ್ಗಿಸಿದರು. "ಹೋಗ್ಲಿ ಬಿಡು. ನಿಮ್ಮ ಹುಡುಗಗ ಸಿಕ್ಕೈತಿ, ಅವನೂ ಶ್ಯಾಣ್ಯಾ ಅದಾನ. ಅವತ್ತ ದೇವರ ಎಣಿಕಿ ಮಾಡಿದ ಅಂತ ತಿಳಕೊ."

ದೇವರು ಎಣಿಸಿದ್ದರೆ ಗಿರಮಲ್ಲಪ್ಪ ನಿದ್ದೆ ಮಾಡುತ್ತಿದ್ದರು. ಎಣಿಸಿದ್ದು ತಾವು. ಅದಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು, ಅದು ಭೀಮಪ್ಪನಿಗೆ ಗೊತ್ತಿರಲಿಲ್ಲ. ಅಂದು ವಲ್ಲಿಯ ಕೆಳಗೆ ಭೀಮಪ್ಪನ ಹೆಬ್ಬೆರಳು ಇರಬೇಕಾದ ಕಡೆ ಇರಲಿಲ್ಲ. ಕೈ ತಿರುಗಿದೆ ಎಂದು ಗಿರಮಲ್ಲಪ್ಪನ ಬೆರಳಿಗೆ ತಿಳಿದಿತ್ತು. ಆದರೆ ಮನಸ್ಸಿಗೆ ಬೇಕಾದ ಲೆಕ್ಕ ಬಂದಾಗ ಯಾವ ವ್ಯಾಪಾರಿಯೂ ಎರಡನೇ ಸಲ ಎಣಿಸುವುದಿಲ್ಲ. ಮೂರು ಬೆರಳು ಬಂದದ್ದು ಮೂರನೇ ನಂಬರಿಗೆ ಅನುಕೂಲವಾಗುವಂತಿದ್ದರೆ ತಾವು ಆ ಕೈಯನ್ನು ಇನ್ನೊಮ್ಮೆ ತಡವಿ ನೋಡುತ್ತಿದ್ದರೋ ಇಲ್ಲವೋ? ಈ ಪ್ರಶ್ನೆಗೆ ಅವರಿಗೆ ಉತ್ತರ ಗೊತ್ತಿತ್ತು, ಅದಕ್ಕೇ ಅದು ಅವರನ್ನು ಬಿಡಲಿಲ್ಲ.

ಒಂದು ವಾರದ ಮೇಲೆ ಅವರು ಬೀಳಗಿಯ ಬಸ್ಸು ಹಿಡಿದರು. ಸಾಲೆ ಬಿಟ್ಟು ಬಂದ ಸುಹಾಸಿನಿ ಬಾಡಿಗೆಯ ಕೋಣೆಯ ಮುಂದೆ ಚಪ್ಪಲಿ ಬಿಡುತ್ತಿದ್ದಳು. ಅಂಗಳದಲ್ಲಿ ವತ್ಸಲಾಬಾಯಿ ಹಪ್ಪಳ ಒಣಗಿಸುತ್ತ ಕುಳಿತಿದ್ದರು. ಬಂದವರು ಯಾರೆಂದು ಗುರುತು ಹಿಡಿದು ಆ ಮುದುಕಿ ತಲೆಯ ಮೇಲೆ ಸೆರಗೆಳೆದುಕೊಂಡರೇ ಹೊರತು 'ಬರ್ರಿ' ಅನ್ನಲಿಲ್ಲ.

ಗಿರಮಲ್ಲಪ್ಪ ನಿಂತೇ ಎಲ್ಲವನ್ನೂ ಹೇಳಿದರು. ವಲ್ಲಿ, ಬೆರಳು, ಮೊಂಡು, ಎಡಗೈ. ಹೇಳುವಾಗ ಅದು ಮಕ್ಕಳ ಆಟದಂತೆ ಕೇಳಿಸಿತು, ಅವರ ಕಿವಿಗೇ ನಾಚಿಕೆಯಾಯಿತು.

ಸುಹಾಸಿನಿ ಕೈಯಲ್ಲಿದ್ದ ಪುಸ್ತಕಗಳನ್ನು ಹೊಸ್ತಿಲ ಮೇಲಿಟ್ಟಳು. "ಅಂದ್ರ ನನ್ನ ಎರಡು ವರ್ಷದ ಪಾಠ ನೀವು ಟವಲ್ಲಿನ ಕೆಳಗ ಎಣಿಸಿದ್ರಿ."

"ಹೌದ್ರಿ ಬಾಯೀರ."

"ಈಗ ನನ್ನ ಕಡೆ ಯಾಕ ಬಂದೀರಿ ಕಾಕಾ? ನಾನು ಆತು ಬಿಡ್ರಿ ಅಂದ್ರ ನಿಮಗ ಹಗರ ಆಗ್ತದ ಅಂತ ಏನು?"

ಗಿರಮಲ್ಲಪ್ಪ ಬಂದದ್ದು ಅದಕ್ಕೇ. ಅಷ್ಟು ನೇರವಾಗಿ ಯಾರಾದರೂ ಎಣಿಸಿ ಹೇಳುತ್ತಾರೆಂದು ಅವರು ನೆನೆಸಿರಲಿಲ್ಲ.

"ಯಾರ ಮುಂದ ತಪ್ಪು ಹೇಳಿದ್ರೋ ಅವರ ಮುಂದ ಹೋಗಿ ಹೇಳ್ರಿ" ಎಂದಳು ಅವಳು. "ನನಗ ಹೇಳಿ ಏನು ಉಪಯೋಗ? ನಾ ಹ್ಯಾಂಗ ಕಲಸ್ತೀನಿ ಅನ್ನೂದು ನನಗ ಗೊತ್ತೇ ಇತ್ತು."

ಮಾರ್ಚಿನ ಸಭೆಯಲ್ಲಿ ಗಿರಮಲ್ಲಪ್ಪ ಎದ್ದು ನಿಂತು ಹೇಳಿದರು. ಸಭೆಯಲ್ಲಿ ಅವರು ಎದ್ದು ನಿಂತು ಮಾತಾಡಿದ್ದು ಅದೇ ಮೊದಲು. ಪ್ರಾಚಾರ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ವಕೀಲರು ಕಾನೂನು ಹುಡುಕತೊಡಗಿದರು. ಅಣ್ಣಾಸಾಹೇಬರಿಗೆ ಸಿಟ್ಟೇ ಬಂತು.

"ಠರಾವಿನ್ಯಾಗ ಸರ್ವಾನುಮತ ಅಂತ ಬರದೀವಿ. ನೀವು ಒಬ್ಬರು ತಪ್ಪು ಅಂದ್ರ ನಮ್ಮ ಐದೂ ಮಂದಿ ಸಹಿ ಸುಳ್ಳು ಆಗ್ತಾವ, ತಿಳೀತದ ಏನ್ರಿ ನಿಮಗ?"

"ಅವು ಮೊದಲನೇ ಠರಾವಿನಿಂದನ ಸುಳ್ಳು ಅದಾವ್ರಿ ಸಾಹೇಬ್ರ. ಇವತ್ತ ತಿಳದೈತಿ, ಅಷ್ಟ."

"ನಿಮ್ಮ ಹುಡುಗನ ಅನ್ನಕ್ಕ ಕಲ್ಲು ಬೀಳ್ತದ."

"ಅದು ಗೊತ್ತೈತ್ರಿ" ಎಂದರು ಗಿರಮಲ್ಲಪ್ಪ. "ಅದೊಂದು ಗೊತ್ತಿರಲಿಲ್ಲಂದ್ರ ಹ್ವಾದ ತಿಂಗಳನ ಹೇಳ್ತಿದ್ದೆ."

ಪ್ರಾಚಾರ್ಯರು ಇದ್ದದ್ದನ್ನು ಇದ್ದ ಹಾಗೆ ಬರೆದು ಧಾರವಾಡಕ್ಕೆ ಕಳಿಸಿದರು. ವಲ್ಲಿಯ ಸಂಗತಿಯನ್ನು ಅಲ್ಲಿನವರು ಓದಿ ಏನಂದರೋ ತಿಳಿಯದು. ಉತ್ತರ ಚಿಕ್ಕದಾಗಿ ಬಂತು: ಪರೀಕ್ಷಾವಧಿ ಮುಗಿದಿಲ್ಲವಾದ್ದರಿಂದ ಆ ಇಬ್ಬರು ಅರ್ಜಿದಾರರ ನಡುವೆ ಹೊಸದಾಗಿ ಆಯ್ಕೆ ನಡೆಯಲಿ, ಪ್ರತಿ ಸದಸ್ಯರೂ ತಮ್ಮ ಅಭಿಪ್ರಾಯವನ್ನು ಬಾಯಿಂದ ಹೇಳಲಿ, ಹೇಳಿದ್ದನ್ನು ಹೆಸರು ಸಹಿತ ಬರೆದಿಡಲಿ.

ಮೇ ಕೊನೆಯ ವಾರ ಸಭೆ ಕೂಡಿತು. ಸುದ್ದಿ ಅಷ್ಟರಲ್ಲಿ ಬನಹಟ್ಟಿ, ರಬಕವಿ ಎರಡೂ ಊರು ಸುತ್ತಿತ್ತು. ರಬಕವಿಯಿಂದ ಮೂವತ್ತು ನಲವತ್ತು ಜನ ನೇಕಾರರು ಮಗ್ಗ ನಿಲ್ಲಿಸಿ ಬಂದು ಕಾಲೇಜಿನ ಅಂಗಳದ ಬೇವಿನ ಗಿಡದ ಕೆಳಗೆ ಕುಳಿತಿದ್ದರು. ಯಾರೂ ಗದ್ದಲ ಮಾಡಲಿಲ್ಲ. ಅವರ ನಡುವೆ ಅನಸವ್ವನೂ ಇದ್ದಳು. ತೆರೆದ ಕಿಟಕಿಯಿಂದ ಎಲ್ಲರ ಮುಖ ಕಾಣಿಸುತ್ತಿತ್ತು, ಒಳಗಿನವರ ಮಾತು ಹೊರಗೆ ಕೇಳಿಸುತ್ತಿತ್ತು. ಸುಹಾಸಿನಿ ಮತ್ತು ಶಂಕರೆಪ್ಪ ಪಕ್ಕದ ಕೋಣೆಯಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕುಳಿತಿದ್ದರು.

"ಮೂರು" ಎಂದರು ಅಣ್ಣಾಸಾಹೇಬರು, ಹೆಸರು ಹೇಳುವುದಕ್ಕೆ ಇನ್ನೂ ನಾಲಿಗೆ ಹೊರಳದೆ. ಪ್ರಾಚಾರ್ಯರೂ ಮೂರು ಎಂದರು. ವಕೀಲರು ನಾಲ್ಕು.

ಭೀಮಪ್ಪ ಕಿಟಕಿಯ ಕಡೆ ನೋಡಿದರು. ಆ ಯುಗಾದಿಗೆ ಅವರು ರಬಕವಿಯಲ್ಲಿ ನೂಲಿನ ಅಂಗಡಿ ಹಾಕಿದ್ದರು. ಬೇವಿನ ಗಿಡದ ಕೆಳಗೆ ಕುಳಿತವರೇ ಗಿರಾಕಿಗಳು. ಭೀಮಪ್ಪ ಮೊಂಡು ಬೆರಳನ್ನು ತಿಕ್ಕುತ್ತ, "ನಾಕು" ಎಂದರು. ಗಿರಮಲ್ಲಪ್ಪನ ಕಡೆ ನೋಡಲಿಲ್ಲ. ವಲ್ಲಿಗೆ ಅದರದೇ ಒಂದು ಕಾರಣವಿತ್ತು ಎಂಬುದು ಆ ಹೊತ್ತಿಗೆ ಎಲ್ಲರಿಗೂ ನೆನಪಾಯಿತು.

ಈಗ ಎರಡು, ಎರಡು. ಉಳಿದದ್ದು ಒಂದು.

ಗಿರಮಲ್ಲಪ್ಪ ವಲ್ಲಿಯನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಮೇಜಿನ ಮೇಲಿಟ್ಟರು. ನಾಲ್ಕು ಎಂದುಬಿಟ್ಟರೆ ಅದು ಸುಳ್ಳಲ್ಲ. ಹೋದ ವರ್ಷವೂ ಅವರ ಮತ ಅದೇ ಇತ್ತು. ತಪ್ಪು ಒಪ್ಪಿಕೊಂಡದ್ದಾಗಿದೆ, ಬರೆದದ್ದಾಗಿದೆ, ಇನ್ನು ಯಾರೂ ಅವರತ್ತ ಬೆರಳು ತೋರಿಸುವಂತಿಲ್ಲ. ಹುಡುಗನ ಕೆಲಸವೂ ಉಳಿಯುತ್ತದೆ. ಇಷ್ಟು ಸರಳವಾಗಿ ಕುದುರಿದ ವ್ಯಾಪಾರವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಅದಕ್ಕೇ ಅವರಿಗೆ ಅದರ ಮೇಲೆ ಸಂಶಯ ಬಂತು.

"ನನ್ನ ಮತ ನಾ ಹ್ವಾದ ವರ್ಷನ ಕೊಟ್ಟೇನ್ರಿ" ಎಂದರು. "ಅದು ನಾಕು. ಇವತ್ತಿಗೂ ನಾಕನ. ಅದನ್ನ ಇವತ್ತ ಭೀಮಪ್ಪ ತಗೊಂಡು ಆಡಿಬಿಟ್ಟ. ಹ್ವಾದ ವರ್ಷ ನನ್ನ ಕೈಯಾಗ ಸತ್ತದ್ದು ಭೀಮಪ್ಪನ ಮತ. ನನ್ನ ಕಡೆ ಉಳದದ್ದು ಅದೊಂದ. ಅದನ್ನ ತಿರುಗಿ ಕೊಡಾಕತ್ತೇನಿ, ಬರಕೊಳ್ರಿ. ಮೂರು."

ಪ್ರಾಚಾರ್ಯರು ಬರೆದುಕೊಂಡರು. ಹೊರಗೆ ಬೇವಿನ ಗಿಡದ ಕೆಳಗೆ ಜನ ಒಬ್ಬೊಬ್ಬರಾಗಿ ಎದ್ದು ಧೋತರ ಕೊಡವಿಕೊಂಡು ನಡೆದರು. ಒಬ್ಬನೂ ಕೂಗಲಿಲ್ಲ. ಕೂಗಿದ್ದರೆ ಗಿರಮಲ್ಲಪ್ಪನಿಗೆ ಒಂದು ಉತ್ತರವಾದರೂ ಸಿಗುತ್ತಿತ್ತು.

ಮೆಟ್ಟಿಲ ಹತ್ತಿರ ಶಂಕರೆಪ್ಪ ಎದುರಾದ. ಅವನ ಕೈಯಲ್ಲಿ ಹಾಜರಿ ಪುಸ್ತಕವಿತ್ತು, ಸುಹಾಸಿನಿಗೆ ಕೊಡಲೆಂದು ಹಿಡಿದಿದ್ದ.

"ಸಾವ್ಕಾರ್ರ, ನಾ ಚೊಲೋ ಕಲಸಲಿಲ್ಲೇನ್ರಿ?"

"ಚೊಲೋ ಕಲಸಿದಿ ಮಗಾ."

"ಮತ್ತ್ಯಾಕ್ರಿ?"

"ಬ್ಯಾರೇದವರದ್ದು ನಿನಗ ಕೊಟ್ಟಿದ್ನೆಪಾ. ತಪ್ಪು ನಂದು, ಬಿಚ್ಚಿಕೊಡೂದು ನಿನಗ ಬಂತು."

ಶಂಕರೆಪ್ಪ ತಲೆಯಾಡಿಸಿದ, ತಿಳಿಯಿತೋ ಇಲ್ಲವೋ. ಜೂನಿನಲ್ಲಿ ಸುಹಾಸಿನಿ ಅದೇ ಕೋಣೆಗೆ ತಂದೆಯ ಮೋಡಿ ಕಾಗದಗಳ ಗಂಟಿನೊಂದಿಗೆ ಬಂದಳು. ಕಾಲೇಜಿನ ಹಾದಿಯಲ್ಲಿ ಗಿರಮಲ್ಲಪ್ಪ ಸಿಕ್ಕರೆ ನಮಸ್ಕಾರ ಮಾ‌ಡುತ್ತಿದ್ದಳು. ಉಪಕಾರವಾಯಿತು ಎಂದು ಒಂದು ದಿನವೂ ಅನ್ನಲಿಲ್ಲ. ಅನ್ನಬೇಕಾದ ಕಾರಣವೂ ಇರಲಿಲ್ಲ. ಶಂಕರೆಪ್ಪನಿಗೆ ಮರುವರ್ಷ ವಿಜಾಪುರದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಹೈಸ್ಕೂಲು, ಕಾಲೇಜಲ್ಲ. ಸೀರೆಗೊಂದು ಪೈ ಮತ್ತೆ ಗುಡಿಯ ಹುಂಡಿಗೆ ಹೊರಳಿತು. ಗಿರಮಲ್ಲಪ್ಪ ಮಂಡಳಿಯ ಕುರ್ಚಿ ಬಿಟ್ಟರು. ಪೇಟೆಗೆ ಹೋದಾಗ ಯಾರಾದರೂ ವಲ್ಲಿಯ ಕೆಳಗೆ ಕೈ ಚಾಚಿದರೆ, "ಬಾಯಿಲೆ ಹೇಳಪಾ, ನನ್ನ ಕೈಗೆ ಕಿವಿ ಕೇಳೂದಿಲ್ಲ" ಎನ್ನುತ್ತಿದ್ದರು. ಜನ ನಗುತ್ತಿದ್ದರು. ಅವರೂ ಒಂದಿಷ್ಟು ನಗುತ್ತಿದ್ದರು.

ಆದರೆ ಅದಕ್ಕೂ ಮೊದಲು, ಆ ಸಭೆಯಾದ ಹದಿನೈದು ದಿನಕ್ಕೆ, ಅನಸವ್ವ ಅಂಗಡಿಗೆ ಬಂದಳು. ಎಂದಿನಂತೆ ಹೊಸ್ತಿಲ ಒಳಗೆ ಕೂಡಲಿಲ್ಲ. ಕಂಕುಳಿನ ಗಂಟು ಬಿಚ್ಚಿ ಸೀರೆಗಳನ್ನು ಗಾದಿಯ ಅಂಚಿಗೆ ಇಟ್ಟಳು.

"ನಿಮ್ಮ ನೂಲಿನ ಹಾಸು ಮಗ್ಗದ ಮ್ಯಾಲ ಅರ್ಧ ಇತ್ರಿ. ಅರ್ಧಕ್ಕ ಕೊಯ್ಯೂದು ನಮಗ ಗೊತ್ತಿಲ್ಲ. ಮುಗಿಸಿ ತಂದೇನಿ."

"ಒಳಗ ಬಾರವಾ ಅನಸವ್ವಾ. ಹೊಸಾ ನೂಲು ಬಂದೈತಿ, ಒಯ್ಯಿ."

"ಬ್ಯಾಡ್ರಿ." ಆಕೆ ಬರಿದಾದ ಗಂಟಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ಹೋಗುವ ಮೊದಲು ಒಂದು ಕ್ಷಣ ನಿಂತಳು, ಅವರು ಸೀರೆ ಬಿಚ್ಚಿ ನೋಡಲೆಂದು. ಇಪ್ಪತ್ತಮೂರು ವರ್ಷದ ರೂಢಿ. ಕಾಲು ತಾನಾಗಿ ನಿಂತಿತು.

ಗಿರಮಲ್ಲಪ್ಪ ಮೇಲಿನ ಸೀರೆಯನ್ನು ಮಡಿಲಲ್ಲಿ ಹರವಿದರು. ದಡಿಯಿಂದ ಸೆರಗಿನ ತನಕ ಬೆರಳಾಡಿಸಿದರು. ಈ ಸಲ ಕಣ್ಣು ಬೇರೆಲ್ಲೂ ಇರಲಿಲ್ಲ. ಸೆರಗು ಮುಟ್ಟಿದ ಮೇಲೆ ತಿರುಗಿ ದಡಿಯಿಂದ ಸುರು ಮಾಡಿದರು. ಒಂದೇ ಒಂದು ಎಳೆ ತಪ್ಪಿದ್ದರೆ ಸಾಕಿತ್ತು. ಅದನ್ನು ಹಿಡಿದು ಎರಡು ಮಾತು ಬಯ್ಯಬಹುದಿತ್ತು, ಆಕೆ ತಿರುಗಿ ಆಡಬಹುದಿತ್ತು, ಹಳೆಯ ಲೆಕ್ಕ ಮತ್ತೆ ಸುರುವಾಗಬಹುದಿತ್ತು. ಎರಡನೇ ಸಲವೂ ಬೆರಳು ಸೆರಗಿಗೆ ಬಂದು ನಿಂತಿತು.

"ತಪ್ಪಿಲ್ಲವಾ" ಎಂದರು.

ಅನಸವ್ವ ತಲೆ ಅಲ್ಲಾಡಿಸಿ ಬಿಸಿಲಿಗೆ ಇಳಿದಳು.